ಒಣಗಿ ಹೋಯಿತೆಂದುಕೊಂಡದ್ದೇ ಸರ್ಪಗಂಧವಿರಬೇಕು

ಪ್ರಶ್ನೆ: ನಾವು ಸಾಗರ ತಾಲ್ಲೂಕಿನ ಹಳ್ಳಿಯೊಂದರ ಅಡಿಕೆ ಬೆಳೆಗಾರರು. ಎರಡು ವರ್ಷದ ಹಿಂದೆ ಸಸ್ಯಮೇಳವೊಂದರಲ್ಲಿ ಸರ್ಪಗಂಧವೆಂದು ಮಾರುತ್ತಿದ್ದ ಗಿಡವನ್ನು ಕೊಂಡು ತಂದು ಅಂಗಳದ ಮೂಲೆಯಲ್ಲಿ ನೆಟ್ಟೆವು. ಈಗ ಅದು ಎದೆಯೆತ್ತರಕ್ಕೆ ಬೆಳೆದು ಕವಲೊಡೆದಿದೆ. ಒಂದೊಂದು ಗೆಣ್ಣಿನಲ್ಲೂ ನಾಲ್ಕು ಎಲೆಗಳಿವೆ. ಹೂ ಬಹಳ ಸಣ್ಣದು, ಬಿಳಿ. ಕಾಯಿ ಮೊದಲು ಕೆಂಪಾಗಿ ಆಮೇಲೆ ಕಪ್ಪಾಗುತ್ತದೆ. ಸುತ್ತಮುತ್ತ ತಾನಾಗಿಯೇ ಮರಿಗಿಡಗಳು ಎದ್ದಿವೆ. ಅದಕ್ಕೂ ಮೊದಲು ನನ್ನ ಅಣ್ಣ ತವರುಮನೆಯ ಸೊಪ್ಪಿನಬೆಟ್ಟದಿಂದ ಮೊಣಕಾಲೆತ್ತರದ ಇನ್ನೊಂದು ಗಿಡ ತಂದುಕೊಟ್ಟಿದ್ದ. ಅದರಲ್ಲಿ ಮೂರು ಮೂರು ಎಲೆ, ತುದಿಯಲ್ಲಿ ಕೆಂಪು ತೊಟ್ಟಿನ ಬಿಳಿ ಹೂಗೊಂಚಲು ಇತ್ತು. ಅವನೂ ಅದನ್ನು ಸರ್ಪಗಂಧವೆಂದೇ ಹೇಳಿದ್ದ. ಈ ಬೇಸಿಗೆಯಲ್ಲಿ ಅದು ಎಲೆಯೆಲ್ಲ ಉದುರಿಸಿ ಒಣಗಿಹೋಯಿತು. ಇವೆರಡರಲ್ಲಿ ನಿಜವಾದ ಸರ್ಪಗಂಧ ಯಾವುದು? ಇದನ್ನು ನೆಟ್ಟರೆ ಮನೆಯ ಹತ್ತಿರ ಹಾವು ಸುಳಿಯುವುದಿಲ್ಲ ಎನ್ನುವುದು ನಿಜವೇ? ನಮ್ಮ ಯಜಮಾನರಿಗೆ ಬಿ.ಪಿ. ಇದೆ, ಬೇರನ್ನು ತೇಯ್ದು ಕೊಡಬಹುದೇ? ಇನ್ನಷ್ಟು ಗಿಡ ಮಾಡಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿದ್ದರೂ ಉಳಿದ ಮೂರಕ್ಕೆ ಉತ್ತರ ಹೇಳಬೇಕಾದರೆ ಮೊದಲನೆಯದು ಇತ್ಯರ್ಥವಾಗಬೇಕು. ನೀವು ಎಲೆ, ಹೂ, ಕಾಯಿ ಮೂರನ್ನೂ ನೋಡಿ ಬರೆದಿರುವುದರಿಂದ ನನ್ನ ಕೆಲಸ ಅರ್ಧ ಹಗುರವಾಗಿದೆ. ಹೆಚ್ಚಿನವರು ಒಂದು ಎಲೆಯ ಚಿತ್ರ ಕಳಿಸಿ ಹೆಸರು ಕೇಳುತ್ತಾರೆ, ಒಂದು ಎಲೆಯಿಂದ ಈ ಗಿಡದ ಹೆಸರು ಹೇಳುವುದು ನನ್ನಿಂದಾಗದ ಕೆಲಸ. ನಿಮ್ಮ ವಿವರಣೆಯ ಪ್ರಕಾರ ಹಣ ಕೊಟ್ಟು ತಂದದ್ದು ಸರ್ಪಗಂಧವಲ್ಲ, ಅದರ ದಾಯಾದಿ. ಅಣ್ಣ ತಂದುಕೊಟ್ಟದ್ದೇ ಸರ್ಪಗಂಧ, ಮತ್ತು ಅದು ಸತ್ತಿರಲಾರದು. ಆ ಜಾಗವನ್ನು ಅಗೆಯದೆ, ಬೇರೆ ಏನನ್ನೂ ನೆಡದೆ ಹಾಗೇ ಬಿಟ್ಟಿರಿ, ಏಕೆಂದು ಮುಂದೆ ಹೇಳುತ್ತೇನೆ.

ಸಸ್ಯಶಾಸ್ತ್ರದಲ್ಲಿ ಸರ್ಪಗಂಧದ ಹೆಸರು ರಾವುಲ್ಫಿಯ ಸರ್ಪೆಂಟೈನಾ. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪಗಳ ಕುಟುಂಬವೇ ಇದರದ್ದೂ. ನಿಮ್ಮ ಅಂಗಳದಲ್ಲಿ ಎದೆಯೆತ್ತರ ಬೆಳೆದಿರುವುದು ಅದೇ ಕುಲದ ರಾವುಲ್ಫಿಯ ಟೆಟ್ರಾಫಿಲ್ಲ, ಕೆಲವೆಡೆ ಇದನ್ನು ದೊಡ್ಡಚಂದ್ರಿಕೆ ಎನ್ನುತ್ತಾರೆ. ‘ಟೆಟ್ರಾಫಿಲ್ಲ’ ಎಂಬ ಮಾತಿನ ಅರ್ಥವೇ ನಾಲ್ಕೆಲೆಯದು ಎಂದು. ಇದು ನಮ್ಮ ನೆಲದ ಗಿಡವಲ್ಲ, ಅಮೆರಿಕ ಖಂಡದ ಉಷ್ಣವಲಯದಿಂದ ಬಂದು ನಮ್ಮ ಬೇಲಿ, ಪಾಳುಭೂಮಿ, ರಸ್ತೆಯಂಚುಗಳಲ್ಲಿ ನೆಲೆಯೂರಿದ್ದು. ಸರ್ಪಗಂಧದ ಬೇರಿಗೆ ಇದರ ಬೇರನ್ನು ಬೆರೆಸಿ ಮಾರುವುದು ಗಿಡಮೂಲಿಕೆ ವ್ಯಾಪಾರದಲ್ಲಿ ಹಳೆಯ ಕಥೆ. ಸಸಿಗಳ ವಿಷಯದಲ್ಲೂ ಅದೇ ಆಗುತ್ತಿದೆ, ಮತ್ತು ಅದಕ್ಕೆ ಯಾವಾಗಲೂ ಮೋಸವೇ ಕಾರಣವಲ್ಲ. ದೊಡ್ಡಚಂದ್ರಿಕೆಯ ಬೀಜ ಸುಲಭವಾಗಿ ಸಿಗುತ್ತದೆ, ಸಲೀಸಾಗಿ ಬೆಳೆಯುತ್ತದೆ, ಮಾರುವವರಿಗೂ ಅನೇಕ ವೇಳೆ ಎರಡರ ವ್ಯತ್ಯಾಸ ತಿಳಿದಿರುವುದಿಲ್ಲ.

ಎಲೆಗಳ ಲೆಕ್ಕ ಮೊದಲ ಸುಳಿವೇ ಹೊರತು ಕೊನೆಯ ತೀರ್ಪಲ್ಲ. ಸರ್ಪಗಂಧದಲ್ಲಿ ಸಾಮಾನ್ಯವಾಗಿ ಗೆಣ್ಣಿಗೆ ಮೂರು ಎಲೆಗಳಿದ್ದರೂ ಪುಷ್ಟಿಯಾದ ಗಿಡದಲ್ಲಿ ನಾಲ್ಕೋ ಐದೋ ಬರುವುದುಂಟು. ಆದ್ದರಿಂದ ಎಣಿಸುವುದಕ್ಕಿಂತ ಅಳತೆಯನ್ನು ಹೋಲಿಸಿ ನೋಡುವುದು ಮೇಲು. ಸರ್ಪಗಂಧದ ಒಂದು ಸುತ್ತಿನ ಎಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದವು, ತೆಳ್ಳಗೆ, ನುಣುಪಾಗಿ, ಮೇಲೆ ಹೊಳೆಯುವ ಹಸಿರು ಮತ್ತು ಕೆಳಗೆ ಮಾಸಲು ಹಸಿರಾಗಿದ್ದು, ಬುಡದ ಕಡೆಗೆ ಕ್ರಮವಾಗಿ ಕಿರಿದಾಗುತ್ತ ತೊಟ್ಟಿನಲ್ಲಿ ಸೇರಿಹೋಗುತ್ತವೆ. ದೊಡ್ಡಚಂದ್ರಿಕೆಯ ನಾಲ್ಕು ಎಲೆಗಳಲ್ಲಿ ಎರಡು ದೊಡ್ಡವು, ಎರಡು ಸಣ್ಣವು, ಒಂದು ಮನೆಯಲ್ಲಿ ಹಿರಿಯರೂ ಕಿರಿಯರೂ ಒಟ್ಟಿಗೆ ನಿಂತಂತೆ ಈ ಅಸಮಾನತೆ ಎದ್ದು ಕಾಣುತ್ತದೆ. ಎಳೆಯ ಭಾಗಗಳನ್ನು ಬೆಳಕಿಗೆ ಹಿಡಿದರೆ ಸಣ್ಣ ರೋಮಗಳೂ ಕಾಣಬಹುದು.

ಹೂವಿಗೆ ಬಂದರೆ ಗೊಂದಲಕ್ಕೆ ಎಡೆಯೇ ಇಲ್ಲ. ಸರ್ಪಗಂಧದ ಹೂಗೊಂಚಲು ನೋಡಿದವರು ಮರೆಯುವಂಥದ್ದಲ್ಲ. ತೊಟ್ಟುಗಳೂ ಹೂವಿನ ಬುಡದ ಪುಟ್ಟ ಬಟ್ಟಲೂ ಗಾಢ ಕೆಂಪು, ಅದರಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ ಸಣ್ಣ ಕೊಳವೆ ಹೊರಟು, ತುದಿಯಲ್ಲಿ ಐದು ಬಿಳಿಯ ಅಥವಾ ನಸುಗೆಂಪಿನ ಎಸಳುಗಳು ಬಿಚ್ಚಿಕೊಳ್ಳುತ್ತವೆ. ಹೂ ಉದುರಿದ ಮೇಲೂ ಆ ಕೆಂಪು ತೊಟ್ಟುಗಳು ಬಹಳ ದಿನ ಉಳಿಯುವುದರಿಂದ ದೂರದಿಂದ ನೋಡಿದರೆ ಇದು ಕೇಪಳದ ಜಾತಿಯದೇನೋ ಎಂದು ಅನ್ನಿಸುವುದೂ ಉಂಟು. ದೊಡ್ಡಚಂದ್ರಿಕೆಯ ಹೂವಾದರೋ ಅರ್ಧ ಸೆಂಟಿಮೀಟರಿನಷ್ಟು, ಕುಡಿಕೆಯ ಆಕಾರದ್ದು, ಹಸಿರು ಬೆರೆತ ಬಿಳಿ, ತೊಟ್ಟಿನಲ್ಲಿ ಕೆಂಪಿನ ಸೋಂಕಿಲ್ಲ. ಕಾಯಿಯ ವಿಷಯದಲ್ಲಿ ನೀವು ಬರೆದ ‘ಮೊದಲು ಕೆಂಪು, ಆಮೇಲೆ ಕಪ್ಪು’ ಎಂಬ ಮಾತು ದೊಡ್ಡಚಂದ್ರಿಕೆಗೆ ಹೊಂದುತ್ತದೆ. ಒಂದೇ ಗೊಂಚಲಿನಲ್ಲಿ ಹಸಿರು, ಕೆಂಪು, ಕಪ್ಪು ಮೂರೂ ಬಣ್ಣದ ಉರುಟು ಕಾಯಿಗಳಿರುವುದು ಅದರ ಗುರುತು. ಸರ್ಪಗಂಧದ ಹಣ್ಣು ಬಟಾಣಿಯಷ್ಟಿದ್ದು, ಒಂಟಿಯಾಗಿಯೋ ಎರಡು ಅಂಟಿಕೊಂಡೋ ಇದ್ದು, ಮಾಗಿದಾಗ ನೇರಳೆ ಮಿಶ್ರಿತ ಕಪ್ಪು ಬಣ್ಣದಲ್ಲಿ ಮಿರುಗುತ್ತದೆ. ಎತ್ತರವೂ ಒಂದು ಸಾಕ್ಷಿಯೇ. ಸರ್ಪಗಂಧ ಒಂದು ಮೀಟರ್ ಮುಟ್ಟುವುದೇ ಅಪರೂಪ, ಹೆಚ್ಚಾಗಿ ಒಂದೆರಡು ಅಡಿಯೊಳಗೆ, ಕವಲು ಕಡಿಮೆಯಾಗಿ ನೆಟ್ಟಗೆ ನಿಲ್ಲುವ ಕುಳ್ಳ ಗಿಡ ಅದು.

ನಿಮ್ಮ ಸೀಮೆಯಲ್ಲಿ ಇನ್ನೊಂದು ಗಿಡವನ್ನೂ ಇದೇ ಹೆಸರಿನಲ್ಲಿ ತಂದುಕೊಟ್ಟದ್ದನ್ನು ನಾನು ನೋಡಿದ್ದೇನೆ, ಅದು ಗಂಟುಭಾರಂಗಿ. ಅದರಲ್ಲೂ ಗೆಣ್ಣಿಗೆ ಮೂರೆಲೆ ಇರುತ್ತವೆ. ಆದರೆ ಎಲೆಯಂಚು ಗರಗಸದಂತೆ, ಎಳೆ ಕಾಂಡ ಚೌಕಾಕಾರ, ಹೂ ನೀಲಿ. ಕೈಗೆ ಸಿಕ್ಕ ಗಿಡದ ಎಲೆಯಂಚಿನ ಮೇಲೆ ಬೆರಳಾಡಿಸಿದರೆ ಸಾಕು, ಹಲ್ಲು ತಾಗಿದರೆ ಅದು ಸರ್ಪಗಂಧವಲ್ಲ. ಹೆಸರನ್ನಷ್ಟೇ ನಂಬಿ ಹೋದರೆ ತೊಡಕು ಇನ್ನೂ ಹೆಚ್ಚು. ಸರ್ಪಗಂಧಕ್ಕೆ ಕನ್ನಡದಲ್ಲಿ ಸೂತ್ರನಾಭಿ, ಪಾತಾಳಗರುಡ ಎಂಬ ಹೆಸರುಗಳೂ ಇವೆ. ಆ ಪಾತಾಳಗರುಡ ಎಂಬ ಹೆಸರನ್ನೇ ದಾಗಡಿ ಬಳ್ಳಿಗೂ ಹೇಳುವುದುಂಟು, ಅದು ನೀರಿನಲ್ಲಿ ಹಿಚುಕಿದರೆ ಲೋಳೆಯಂತೆ ಹೆಪ್ಪುಗಟ್ಟುವ, ಸರ್ಪಗಂಧಕ್ಕೆ ಯಾವ ನಂಟೂ ಇಲ್ಲದ ಬಳ್ಳಿ. ಹೀಗಾಗಿ ಊರಿನ ಹಿರಿಯರು ಒಂದು ಹೆಸರು ಹೇಳಿದಾಗ ಅವರು ಮನಸ್ಸಿನಲ್ಲಿಟ್ಟುಕೊಂಡ ಗಿಡ ಯಾವುದೆಂದು ತೋಟಕ್ಕೆ ಕರೆದೊಯ್ದು ತೋರಿಸಲು ಕೇಳುವುದೇ ಸರಿ.

ಇನ್ನು ಹಾವಿನ ವಿಷಯ. ಈ ನಂಬಿಕೆಗೆ ಎರಡು ಮೂಲಗಳಿವೆ. ಒಂದು, ಬೇರಿನ ಆಕಾರ: ನೆಲದೊಳಗೆ ಅಂಕುಡೊಂಕಾಗಿ ಇಳಿಯುವ ಅದರ ತಾಯಿಬೇರು ಹಾವಿನ ಹಾಗೆ ಕಾಣುತ್ತದೆ, ಲ್ಯಾಟಿನ್ ಹೆಸರಿನಲ್ಲೂ ಅದೇ ಅರ್ಥವಿದೆ. ಇನ್ನೊಂದು, ಹಾವಿನೊಡನೆ ಕಾದಾಡುವ ಮುಂಗುಸಿ ಈ ಗಿಡವನ್ನು ತಿಂದು ಹೋಗುತ್ತದೆ ಎಂಬ ಹಳೆಯ ಕಥೆ. ಮುಂಗುಸಿ ಬದುಕುಳಿಯುವುದು ತನ್ನ ಚುರುಕಿನಿಂದ ಮತ್ತು ನಾಗರಹಾವಿನ ವಿಷ ಅದರ ಸ್ನಾಯುಗಳಿಗೆ ಸುಲಭವಾಗಿ ಅಂಟದಿರುವುದರಿಂದ, ಗಿಡದಿಂದಲ್ಲ. ಹಾವನ್ನು ಓಡಿಸುವಷ್ಟು ವಾಸನೆಯೂ ಈ ಗಿಡಕ್ಕಿಲ್ಲ. ಎಲೆಯನ್ನು ಉಜ್ಜಿ ಮೂಸಿದರೆ ಹಸಿರೆಲೆಯ ವಾಸನೆ ಬರುತ್ತದೆ ಅಷ್ಟೆ, ಬೇರಿನಲ್ಲಿರುವುದು ಕಡುಕಹಿಯೇ ಹೊರತು ಗಂಧವಲ್ಲ. ಸರ್ಪಗಂಧದ ಮಡಿಯ ಒಣ ಎಲೆಗಳ ದರಗಿನೊಳಗೇ ಹಾವು ಮಲಗಿದ್ದನ್ನು ನಾನು ಒಮ್ಮೆಯಲ್ಲ, ಹಲವು ಸಲ ಕಂಡಿದ್ದೇನೆ, ನೆರಳು ತಂಪಿನ ಜಾಗವೆಂದರೆ ಅದಕ್ಕೂ ಇಷ್ಟವೇ. ಹಾವು ಮನೆಯ ಹತ್ತಿರ ಬರುವುದು ಇಲಿ, ಕಪ್ಪೆಗಳನ್ನು ಹುಡುಕಿಕೊಂಡು, ಉಳಿಯುವುದು ಸೌದೆ ರಾಶಿ, ಕಾಯಿಸಿಪ್ಪೆಯ ಗುಡ್ಡೆ, ಕಲ್ಲುಕಟ್ಟೆಯ ಸಂದುಗಳಲ್ಲಿ. ಆ ರಾಶಿಗಳನ್ನು ಮನೆಯ ಗೋಡೆಯಿಂದ ದೂರ ಸರಿಸುವುದರಿಂದ ಆಗುವ ಪ್ರಯೋಜನ ನೂರು ಗಿಡ ನೆಟ್ಟರೂ ಆಗದು.

ಕಡಿತಕ್ಕೆ ಇದರ ಬೇರು ಮದ್ದು ಎಂಬ ನಂಬಿಕೆ ಇನ್ನೂ ಅಪಾಯಕಾರಿ. ಎಷ್ಟೋ ಕಡಿತಗಳು ವಿಷವಿಲ್ಲದ ಹಾವಿನವು, ವಿಷದ ಹಾವು ಕಚ್ಚಿದಾಗಲೂ ಕೆಲವೊಮ್ಮೆ ವಿಷ ಒಳಗೆ ಇಳಿದಿರುವುದಿಲ್ಲ. ಅಂಥವರು ಬೇರು ತೇಯ್ದು ಕುಡಿದು ಬದುಕಿದಾಗ ಕೀರ್ತಿ ಬೇರಿಗೆ ಹೋಗುತ್ತದೆ. ಕೊಳಕುಮಂಡಲ ಕಚ್ಚಿದವರಲ್ಲಿ ರಕ್ತದೊತ್ತಡ ತಾನಾಗಿಯೇ ಕುಸಿಯಬಹುದು, ಅದನ್ನು ಇನ್ನಷ್ಟು ಇಳಿಸುವ ಗುಣ ಸರ್ಪಗಂಧದ ಬೇರಿನದ್ದು. ವಿಷಕ್ಕೆ ಔಷಧವೆಂದರೆ ಆಸ್ಪತ್ರೆಯ ಪ್ರತಿವಿಷ ಮಾತ್ರ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ.

ಮೂರನೆಯ ಪ್ರಶ್ನೆಯೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು, ಏಕೆಂದರೆ ಇಲ್ಲಿ ನಂಬಿಕೆಯೊಳಗೆ ನಿಜವೂ ಇದೆ. ಸರ್ಪಗಂಧ ರಕ್ತದೊತ್ತಡವನ್ನು ಇಳಿಸುತ್ತದೆ ಎನ್ನುವುದು ಕಟ್ಟುಕಥೆಯಲ್ಲ. 1931ರಲ್ಲಿ ಕಲ್ಕತ್ತದ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಗುಣದ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ದೆಹಲಿಯಲ್ಲಿ ರಸಾಯನಶಾಸ್ತ್ರಜ್ಞ ಸಲೀಮುಜ್ಜಮಾನ್ ಸಿದ್ದೀಕಿಯವರು ಬೇರಿನಿಂದ ಒಂದು ಕ್ಷಾರವಸ್ತುವನ್ನು ಬೇರ್ಪಡಿಸಿ ಯುನಾನಿ ವೈದ್ಯ ಹಕೀಂ ಅಜ್ಮಲ್ ಖಾನರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲರು 50 ರೋಗಿಗಳ ಮೇಲಿನ ಅನುಭವವನ್ನು 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಕಣ್ಣು ಇದರ ಮೇಲೆ ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ರಿಸರ್ಪಿನ್ ಎಂಬ ಮುಖ್ಯ ಸತ್ತ್ವವನ್ನು ಪಡೆದರು. ನಮ್ಮ ಕಾಡುಗಳಲ್ಲಿ ಈ ಗಿಡ ವಿರಳವಾದದ್ದಕ್ಕೆ ಆ ಬಳಿಕದ ಬೇಡಿಕೆಯೂ ದೊಡ್ಡ ಕಾರಣ, ಬೇರು ಬೇಕೆಂದರೆ ಇಡೀ ಗಿಡವನ್ನೇ ಕೀಳಬೇಕಲ್ಲವೇ.

ಆದರೆ ರಿಸರ್ಪಿನ್ ಇಂದು ವೈದ್ಯರು ಮೊದಲಿಗೆ ಬರೆಯುವ ಔಷಧವಲ್ಲ. ಅದು ಕೆಲಸ ಮಾಡುವುದು ನರತುದಿಗಳಲ್ಲಿ ಸಂಗ್ರಹವಾಗಿರುವ ಸಂದೇಶವಾಹಕ ರಾಸಾಯನಿಕಗಳಾದ ನಾರ್‌ಅಡ್ರಿನಲಿನ್, ಸೆರೊಟೋನಿನ್, ಡೋಪಮಿನ್‌ಗಳ ದಾಸ್ತಾನನ್ನು ಬರಿದು ಮಾಡುವ ಮೂಲಕ. ರಕ್ತನಾಳಗಳು ಸಡಿಲಗೊಂಡು ಒತ್ತಡ ಇಳಿಯುವುದು ಹೀಗೆ, ಕೆಲವರಲ್ಲಿ ತೀವ್ರ ಮನೋಖಿನ್ನತೆ ಕಾಣಿಸಿಕೊಂಡದ್ದಕ್ಕೆ ಕಾರಣವೆಂದು ಹೇಳುವುದೂ ಇದನ್ನೇ. ಮೂಗು ಕಟ್ಟುವುದು, ನಾಡಿ ನಿಧಾನವಾಗುವುದು, ಹೊಟ್ಟೆಯ ಹುಣ್ಣು ಕೆರಳುವುದು, ಎದ್ದು ನಿಂತಾಗ ತಲೆ ತಿರುಗಿ ಬೀಳುವುದು ಇವೂ ಉಂಟು. ಸೇವನೆ ನಿಲ್ಲಿಸಿದ ಮೇಲೂ ಪರಿಣಾಮ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ. ಮಾತ್ರೆಯಲ್ಲಾದರೆ ಪ್ರಮಾಣ ಮಿಲಿಗ್ರಾಮಿನ ಒಂದು ಭಾಗದಷ್ಟಿರುತ್ತದೆ. ಕಲ್ಲಿನ ಮೇಲೆ ತೇಯ್ದ ಬೇರಿನಲ್ಲಿ ಎಷ್ಟಿದೆ ಎಂದು ಯಾರೂ ಹೇಳಲಾರರು, ಏಕೆಂದರೆ ಸತ್ತ್ವದ ಬಹುಪಾಲು ಬೇರಿನ ಸಿಪ್ಪೆಯಲ್ಲಿದ್ದು, ಗಿಡದ ವಯಸ್ಸು, ಋತು, ಮಣ್ಣುಗಳಿಗೆ ತಕ್ಕಂತೆ ಏರುಪೇರಾಗುತ್ತದೆ. ನಿಮ್ಮ ಯಜಮಾನರು ಈಗಾಗಲೇ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎರಡರ ಪರಿಣಾಮ ಸೇರಿ ಒತ್ತಡ ಒಮ್ಮೆಲೇ ಕುಸಿಯುವ ಭಯವೂ ಇದೆ. ಅದರ ಮೇಲೆ, ಅಂಗಳದಲ್ಲಿರುವ ಗಿಡ ದೊಡ್ಡಚಂದ್ರಿಕೆ. ಅದರ ಬೇರಿನಲ್ಲೂ ರಿಸರ್ಪಿನ್ ಮತ್ತು ಅದರ ಸೋದರ ಸತ್ತ್ವಗಳು ಬೇರೆ ಪ್ರಮಾಣದಲ್ಲಿ ಇರುವುದರಿಂದ ‘ಅಸಲಿ ಅಲ್ಲದಿದ್ದರೆ ತೊಂದರೆಯೂ ಇಲ್ಲ’ ಎಂದು ಭಾವಿಸಬೇಡಿ. ಆಯುರ್ವೇದದ ದಾರಿಯಲ್ಲೇ ಹೋಗಬೇಕೆಂದಿದ್ದರೆ ಅರ್ಹ ವೈದ್ಯರನ್ನು ಕಾಣಿರಿ, ಈಗಿನ ಮಾತ್ರೆಗಳ ಚೀಟಿಯನ್ನು ಅವರಿಗೆ ತೋರಿಸಿರಿ. ತೋಟದ ಬೇರನ್ನು ಮನೆಯಲ್ಲಿ ತೇಯುವುದು ಬೇಡವೇ ಬೇಡ.

ಈಗ ಬೆಳೆಸುವ ಮಾತು. ಸರ್ಪಗಂಧ ಕಾಡಿನ ಅಡಿಯಲ್ಲಿ, ಮರಗಳ ಚುಕ್ಕೆ ನೆರಳಿನಲ್ಲಿ, ಎಲೆಗೊಬ್ಬರ ತುಂಬಿದ ಹುಳಿ ಮಣ್ಣಿನಲ್ಲಿ ಬೆಳೆದು ಬಂದ ಗಿಡ. ನಿಮ್ಮ ಅಡಿಕೆ ತೋಟದಂಥ ಜಾಗ ಇದಕ್ಕೆ ಹೇಳಿ ಮಾಡಿಸಿದಂತಿದೆ, ಒಂದು ತೊಂದರೆಯನ್ನು ಬಿಟ್ಟು: ತೋಟದ ತಗ್ಗಿನಲ್ಲಿ ಮಳೆಗಾಲದ ನೀರು ನಿಂತರೆ ತಾಯಿಬೇರು ಕೊಳೆಯುತ್ತದೆ. ಬಸಿಗಾಲುವೆಯ ಪಕ್ಕದ ಎತ್ತರದ ಏರಿಯೋ, ತೋಟದ ಮೇಲಂಚಿನ ಜಂಬಿಟ್ಟಿಗೆ ಮಣ್ಣಿನ ಇಳಿಜಾರೋ ಒಳ್ಳೆಯದು. ಗುಂಡಿಗೆ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ದರಗಿನ ಗೊಬ್ಬರ ಸಾಕು. ಗಿಡದಿಂದ ಗಿಡಕ್ಕೆ ಒಂದರಿಂದ ಒಂದೂವರೆ ಅಡಿ ಅಂತರವಿರಲಿ. ಕುಂಡದಲ್ಲಿ ಬೆಳೆಸುವುದಾದರೆ ಅಗಲಕ್ಕಿಂತ ಆಳ ಮುಖ್ಯ, ಬೇರು ಕೆಳಗಿಳಿಯುವ ಸ್ವಭಾವದ್ದು.

ಬೇಸಿಗೆಯಲ್ಲಿ ಅಥವಾ ಚಳಿಯ ಒಣ ದಿನಗಳಲ್ಲಿ ನೀರು ಕಡಿಮೆಯಾದರೆ ಈ ಗಿಡ ಎಲೆಯುದುರಿಸಿ, ಕಾಂಡವನ್ನೂ ಬಿಟ್ಟುಕೊಟ್ಟು, ಬೇರಿನಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಇದು ತಿಳಿಯದೆ ಎಷ್ಟೋ ಜನ ಜೀವಂತ ಗಿಡವನ್ನು ಕಿತ್ತೆಸೆದದ್ದನ್ನು ನೋಡಿದ್ದೇನೆ. ನಾನೇ ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ಇಡೀ ಮಡಿಯನ್ನು ಅಗೆಸಿಬಿಟ್ಟಿದ್ದೆ, ಗುದ್ದಲಿಗೆ ಹಳದಿ ಬಣ್ಣದ ಹಸಿ ಬೇರು ಸಿಕ್ಕಾಗ ತಪ್ಪು ಅರಿವಾಯಿತು. ನಿಮ್ಮ ಗಿಡದ ಬುಡದಲ್ಲಿ ಬೆರಳಿನಿಂದ ಒಂದಿಂಚು ಮಣ್ಣು ಸರಿಸಿ, ಬೇರಿನ ತಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಒಳಗೆ ತೇವವೂ ಮಾಸಲು ಹಳದಿಯೂ ಕಂಡರೆ ಮಣ್ಣು ಮುಚ್ಚಿ, ವಾರಕ್ಕೆರಡು ಸಲ ಸ್ವಲ್ಪ ನೀರು ಕೊಟ್ಟು ಬಿಡಿ. ಕಂದು ಪುಡಿಯಾದರೆ ಮಾತ್ರ ಆಸೆ ಬಿಡಬೇಕು. ಕೆರೆದ ಮೇಲೆ ಕೈ ತೊಳೆಯಲು ಮರೆಯಬೇಡಿ.

ಹೊಸ ಗಿಡ ಮಾಡಿಕೊಳ್ಳಲು ಮೂರು ದಾರಿಗಳಿದ್ದರೂ ನನ್ನ ಒಲವು ಬೀಜದ ಕಡೆಗೇ. ಇದರ ಬೀಜ ಮೊಂಡು: ಹೊರಗೆ ಕಲ್ಲಿನಂಥ ಕವಚ, ಒಳಗೆ ಅನೇಕ ವೇಳೆ ಜೊಳ್ಳು. ನೂರು ಬಿತ್ತಿದರೆ ಇಪ್ಪತ್ತೈದರಿಂದ ಐವತ್ತು ಮೊಳೆತರೆ ಒಳ್ಳೆಯ ಫಲವೆಂದೇ ತಿಳಿಯಬೇಕು, ಹಳೆಯ ಬೀಜವಾದರೆ ಅದೂ ಇಲ್ಲ. ಕಪ್ಪಾದ ಹಣ್ಣನ್ನು ಆರಿಸಿ, ತಿರುಳನ್ನು ಉಜ್ಜಿ ತೊಳೆದು, ನೀರಿನಲ್ಲಿ ಒಂದು ದಿನ ನೆನೆಹಾಕಿ, ತೇಲಿದ್ದನ್ನು ಚೆಲ್ಲಿ ಮುಳುಗಿದ್ದನ್ನು ಮಾತ್ರ ಬಿತ್ತಬೇಕು. ಏಪ್ರಿಲ್ ಕೊನೆಯಲ್ಲೋ ಮೇ ತಿಂಗಳಲ್ಲೋ ನೆರಳಿನ ಏರುಮಡಿಯಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿ ತೇವ ಕಾದರೆ, ಹದಿನೈದು ಇಪ್ಪತ್ತು ದಿನಕ್ಕೆ ಮೊಳಕೆ ಶುರುವಾಗಿ ತಿಂಗಳು ದಾಟಿದ ಮೇಲೂ ಒಂದೊಂದಾಗಿ ಏಳುತ್ತಿರುತ್ತದೆ. ಆದ್ದರಿಂದ ಮಡಿಯನ್ನು ಬೇಗ ಕೆದಕಬಾರದು. ನಾಲ್ಕಾರು ಎಲೆ ಬಂದ ಸಸಿಯನ್ನು ಜುಲೈ ಹೊತ್ತಿಗೆ, ಬೇರು ಮುರಿಯದಂತೆ ಮಣ್ಣಿನ ಹೆಂಟೆಯ ಸಮೇತ ನೆಡಿ. ಬೇರಿನ ತುಂಡುಗಳಿಂದಲೂ ಕಾಂಡದ ತುಂಡುಗಳಿಂದಲೂ ಗಿಡ ಬರುತ್ತದೆ. ಎರಡು ಇಂಚಿನ ಬೇರಿನ ತುಂಡನ್ನು ಮಲಗಿಸಿ ಮುಚ್ಚಿದರೆ ಸುಮಾರು ತಿಂಗಳಲ್ಲಿ ಚಿಗುರುತ್ತದೆ, ಆದರೆ ಇರುವ ಒಂದೇ ಗಿಡದ ಬೇರಿಗೆ ಕತ್ತಿ ಹಾಕುವುದು ಬುದ್ಧಿವಂತಿಕೆಯಲ್ಲ. ಗಿಡ ಚೇತರಿಸಿಕೊಂಡ ಮೇಲೆ ಜೂನ್ ತಿಂಗಳಲ್ಲಿ ಮೂರು ಗೆಣ್ಣಿರುವ ಗೇಣುದ್ದದ ಕಾಂಡ ಕತ್ತರಿಸಿ ನೆಟ್ಟು ನೋಡಬಹುದು, ಬೇರೊಡೆಯುವುದು ಮಾತ್ರ ಎಲ್ಲವೂ ಅಲ್ಲ.

ರೋಗಗಳಲ್ಲಿ ಮನೆ ತೋಟಕ್ಕೆ ಮುಖ್ಯವಾದದ್ದು ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳು. ಬದನೆ, ಟೊಮೆಟೊ ಬೆಳೆದ ಮಡಿಯಲ್ಲಿ ಇದನ್ನು ನೆಡದಿರುವುದೇ ಸುಲಭದ ಉಪಾಯ. ಎಲೆ ಸುತ್ತುವ ಹುಳುಗಳನ್ನೂ, ಕಣಗಿಲೆಗೆ ಬರುವ ದಪ್ಪ ಹಸಿರು ಕಂಬಳಿಯಿಲ್ಲದ ಹುಳುವನ್ನೂ ಕೈಯಿಂದ ಆರಿಸಿದರೆ ಸಾಕು.

ಇನ್ನೊಂದು ಸಲ ಅಣ್ಣನಿಂದ ಕಾಡಿನ ಗಿಡ ತರಿಸುವ ಯೋಚನೆಯಿದ್ದರೆ ದಯವಿಟ್ಟು ಬಿಡಿ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಸರ್ಪಗಂಧವಂತೂ ಅಂತರರಾಷ್ಟ್ರೀಯ ವಹಿವಾಟಿನ ಮೇಲೆ ನಿಗಾ ಇಡುವ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ 1990ರಿಂದ ಇದೆ. ಕಾನೂನಿನ ಮಾತು ಬದಿಗಿರಲಿ, ದೊಡ್ಡ ಗಿಡ ಕೀಳುವಾಗ ತಾಯಿಬೇರು ಮುರಿಯುವುದರಿಂದ ತಂದದ್ದರಲ್ಲಿ ಬದುಕುವುದು ಕೆಲವೇ. ಬೆಟ್ಟದಲ್ಲಿ ಗಿಡವನ್ನು ಹಾಗೇ ಉಳಿಸಿ, ಹಣ್ಣಾದಾಗ ಹತ್ತು ಕಾಳು ತಂದರೆ ನಿಮಗೂ ಲಾಭ, ಬೆಟ್ಟಕ್ಕೂ ನಷ್ಟವಿಲ್ಲ. ಕೊಳ್ಳುವುದೇ ಆದರೆ ಔಷಧೀಯ ಸಸ್ಯಗಳ ಮೇಲೆ ಕೆಲಸ ಮಾಡುವ ಸಂಸ್ಥೆಗಳಲ್ಲಿ ವಿಚಾರಿಸಿ. ಬೆಂಗಳೂರಿನ ಕಡೆ ಹೋದಾಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನಕ್ಕೆ ದುಡಿಯುವ ಯಲಹಂಕದ ಎಫ್‌ಆರ್‌ಎಲ್‌ಎಚ್‌ಟಿ ಇಂಥವು. ಎಲ್ಲಿಂದಲೇ ತನ್ನಿ, ಹೂವಿರುವ ಗಿಡವನ್ನೇ ಕೇಳಿ, ಕೆಂಪು ತೊಟ್ಟು ಕಂಡ ಮೇಲೆ ಹಣ ಕೊಡಿ.

ಅಂಗಳದ ದೊಡ್ಡಚಂದ್ರಿಕೆಯನ್ನು ಏನು ಮಾಡುವುದು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಅದರ ಕೆಂಪು ಕಾಯಿಗಳು ಮಕ್ಕಳ ಕಣ್ಣಿಗೆ ಹಣ್ಣಿನಂತೆ ಕಾಣುತ್ತವೆ, ಅವು ವಿಷಕಾರಿ. ಪಿಕಳಾರಗಳು ತಿಂದು ಬೀಜವನ್ನು ಊರೆಲ್ಲ ಹಂಚುತ್ತವೆ, ಮರಿಗಿಡಗಳು ಎದ್ದಿರುವುದು ಅದಕ್ಕೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಾನು ತೆಗೆದುಬಿಡುವುದನ್ನೇ ಆರಿಸುತ್ತಿದ್ದೆ. ಇಟ್ಟುಕೊಳ್ಳುವುದಾದರೆ ಕಾಯಿ ಕೆಂಪಾಗುವ ಮೊದಲೇ ಗೊಂಚಲು ಕತ್ತರಿಸುತ್ತಿರಬೇಕು, ವರ್ಷವಿಡೀ ಹೂ ಬಿಡುವ ಗಿಡಕ್ಕೆ ಆ ಕೆಲಸ ಮುಗಿಯುವುದಿಲ್ಲ. ಕೀಳುವುದಾದರೆ ಮೊದಲ ಮಳೆ ಬಿದ್ದು ಮಣ್ಣು ಸಡಿಲವಾದಾಗ ಬೇರುಸಹಿತ ಕಿತ್ತು, ಕಾಯಿಗಳನ್ನು ಗೊಬ್ಬರದ ಗುಂಡಿಗೆ ಹಾಕದೆ ಸುಟ್ಟುಬಿಡಿ. ಅದೇ ಮಳೆಗೆ ನಿಮ್ಮ ಒಣಗಿದ ಗಿಡದ ಬುಡವನ್ನೂ ಒಮ್ಮೆ ನೋಡಿ. ಜೂನ್ ಮುಗಿಯುವುದರೊಳಗೆ ಮಣ್ಣಿನ ಮಟ್ಟದಲ್ಲಿ ಮೂರೆಲೆಯ ಚಿಗುರು ಕಂಡರೆ, ಅದರ ಸುತ್ತ ನಾಲ್ಕು ಗೂಟ ಹುಗಿದು ದನಕರುಗಳ ಕಾಲಿಗೆ ಸಿಗದಂತೆ ಮಾಡಿ, ಹೂ ಬಿಟ್ಟಾಗ ಗೊಂಚಲಿನ ಹತ್ತಿರದ ಚಿತ್ರವೊಂದನ್ನು ತೆಗೆದು ಕಳಿಸಿರಿ.